ಅಂಚಿಗೆ ನಿಲ್ಲಿಸುವ ವಿದ್ಯೆ

ಮೇ ೫, ಭಾನುವಾರ

ಕುಟುಂಬವಿಲ್ಲದವನಿಗೆ ಈ ಹಡಗಿನಲ್ಲಿ ಜಾಗವಿಲ್ಲ ಎಂದು ಹತ್ತುವ ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಇದೇ ಮಾತಿನಲ್ಲಲ್ಲ, 'ಬನ್ನಿ, ಒಂದೇ ಕುಟುಂಬವಾಗಿ ತೇಲೋಣ' ಎಂದು. ಅರ್ಥ ಅದೇ. ಆ ಫಲಕದ ಕೆಳಗೆ, ನೀರಿಗೆ ಬಿದ್ದವರಿಗೆ ಎಸೆಯುವಂಥ ಕೆಂಪು ಬಿಳಿ ಟ್ಯೂಬೊಂದನ್ನು ನೇತುಹಾಕಿದ್ದಾರೆ. ಹತ್ತುವವರೆಲ್ಲ ಅದರೊಳಗೆ ತಲೆ ತೂರಿಸಿ ಹಲ್ಲು ಕಿರಿಯಬೇಕು, ನಾನು ಕ್ಲಿಕ್ಕಿಸಬೇಕು. ಹಡಗಿನ ಫೋಟೋಗ್ರಾಫರ್ ಎಂದರೆ ಊರಲ್ಲಿ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಇಷ್ಟೇ ಕೆಲಸ.

ನಿನ್ನೆಯ ತಂಡದ ಕಥೆ ಕೇಳಬೇಡಿ. ಮನೆಮಂದಿಗೆಲ್ಲ ಒಂದೇ ಬಣ್ಣದ ಟಿ-ಶರ್ಟು. ಒಂದು ಮನೆಯವರ ಎದೆಯ ಮೇಲೆ 'ನಮ್ಮ ಪಟಾಲಂ', ಇನ್ನೊಂದು ಮನೆಯವರ ಎದೆಯ ಮೇಲೆ 'ಅಜ್ಜಿಯ ಸೈನ್ಯ'. ಕಾರಿನಿಂದ ಇಳಿಯುವಾಗ ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳ ಆಡಿಕೊಂಡಿರುತ್ತಾರೆ. ಟ್ಯೂಬಿನ ಹಿಂದೆ ಬಂದು ನಿಂತ ಕೂಡಲೇ ಪ್ರೀತಿ ಉಕ್ಕುತ್ತದೆ. ಫ್ಲಾಷ್ ಆರಿದ ಮರುಕ್ಷಣ 'ನೀರಿನ ಬಾಟಲಿ ಕಾರಲ್ಲೇ ಬಿಟ್ಟು ಬಂದೆಯಲ್ಲೇ' ಎಂದು ಮತ್ತೆ ಶುರು.

ಇವತ್ತು ಮಧ್ಯಾಹ್ನ ಒಬ್ಬ ಅತ್ತೆ ನನ್ನನ್ನು ಕಂಬದ ಹಿಂದಕ್ಕೆ ಕರೆದಳು. ಏನೋ ಕದ್ದ ಮಾಲು ಮಾರುವವಳ ಹಾಗೆ ಆ ಕಡೆ ಈ ಕಡೆ ನೋಡಿ, "ನೋಡಪ್ಪಾ, ನಮ್ಮ ಸೊಸೆ ಹೊಸಬಳು. ಅವಳನ್ನ ಸ್ವಲ್ಪ ಅಂಚಿಗೆ ನಿಲ್ಲಿಸಿ ಬಿಡು," ಎಂದಳು.

"ಆಗಲಿ ಅಮ್ಮಾ," ಎಂದೆ. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಸೊಸೆ, ಹೊಸ ಅಳಿಯ, ಮಗನ ಗೆಳತಿ, ಇವರೆಲ್ಲ ಉಳಿಯುತ್ತಾರೋ ಇಲ್ಲವೋ ಎಂದು ಮನೆಯ ಹಿರಿಯರಿಗೆ ಅನುಮಾನ. ಅಂಥವರನ್ನು ಸಾಲಿನ ತುದಿಗೆ ನಿಲ್ಲಿಸಬೇಕು. ಪಕ್ಕದವರ ಕೈ ಅವರ ಹೆಗಲ ಮೇಲೆ ಬರಬಾರದು, ಸೆರಗು ತಾಗಬಾರದು, ನಡುವೆ ಅಂಗೈ ಅಗಲದ ಜಾಗ ಬಿಡಬೇಕು. ನಾಳೆ ಸಂಬಂಧ ಮುರಿದುಬಿದ್ದರೆ ಫೋಟೊ ಹಾಳಾಗಬಾರದು ನೋಡಿ, ನೇರವಾಗಿ ಒಂದು ಕತ್ತರಿ ಹಾಕಿದರಾಯಿತು. ನಾನು ಇದನ್ನು ಕತ್ತರಿ ದಾರಿ ಎನ್ನುತ್ತೇನೆ. ಆ ಸೊಸೆ ಪಾಪ, ಬಾಯಿ ತುಂಬ ನಗುತ್ತಾ ತುದಿಯಲ್ಲಿ ನಿಂತಳು. ಅತ್ತೆ ನನಗೆ ಕಣ್ಣಲ್ಲೇ ಶಹಬ್ಬಾಸ್ ಹೇಳಿದಳು. ಇಂಥವರು ಒಂದೇ ಕುಟುಂಬವಾಗಿ ತೇಲುತ್ತಾರಂತೆ.

ಇರಲಿ. ಮುಂದಿನ ಶನಿವಾರ ನನ್ನ ಮಗಳು ಬರುತ್ತಿದ್ದಾಳೆ. ಜೊತೆಗೆ ಅವಳ ಅಮ್ಮ, ಅಮ್ಮನ ಹೊಸ ಗಂಡ. ಬರಲಿ. ಮುಂದಿನ ತಿಂಗಳು ಇಲ್ಲಿನ ಕರಾರು ಮುಗಿಯುತ್ತದೆ. ದಡದಲ್ಲಿ ಮನೆ ಗೊತ್ತು ಮಾಡಿ ಆಗಿದೆ. ಕೆಳಗೆ ಸ್ಟುಡಿಯೋ, ಮೇಲೆ ಎರಡು ಕೋಣೆ, ಒಂದು ಅವಳದು. ಮಗಳು ಯಾರ ಜೊತೆ ಇರುತ್ತೇನೆ ಎನ್ನುತ್ತಾಳೋ ಅವರ ಜೊತೆ ಇರಲಿ ಎಂದು ಅವಳ ಅಮ್ಮ ಒಪ್ಪಿದ್ದಾಳೆ. ಕೇಳುವುದೇನಿದೆ! ಅಪ್ಪ ಇರುವ ಹಡಗಿಗೇ ಹೋಗೋಣ ಎಂದು ಹಠ ಹಿಡಿದವಳು ಮಗಳೇ ಅಂತೆ. ಅದಕ್ಕಿಂತ ಇನ್ನೇನು ಬೇಕು?

ಮೇ ೮, ಬುಧವಾರ

ಎಂಟುಕಾಲಿನ ಗೊರಕೆಯಿಂದ ತಲೆ ಕೆಟ್ಟುಹೋಗಿದೆ. ಎಂಟುಕಾಲು ಅಂದರೆ ನನ್ನ ಕ್ಯಾಬಿನ್ನಿನ ಜೊತೆಗಾರ. ಮಕ್ಕಳೆಲ್ಲ ಮುದ್ದಾಡುವ ಆ ನೇರಳೆ ಆಕ್ಟೋಪಸ್ ವೇಷದೊಳಗೆ ಬೆವರುತ್ತಾ ಇರುವವನು ಇವನೇ. ಮಗಳು ಬರುತ್ತಾಳೆ, ಇನ್ನು ಮೇಲೆ ನನ್ನ ಹತ್ತಿರವೇ ಇರುತ್ತಾಳೆ ಎಂದು ಹೇಳಿದೆ.

"ಅವಳು ಹೇಳಿದ್ಲಾ?" ಎಂದ.

"ಹೇಳಬೇಕಾ? ನನ್ನ ಮಗಳು ನನಗೆ ಗೊತ್ತಿಲ್ವಾ?"

"ಹಾಗಲ್ಲ ಮಾರಾಯಾ, ಕೇಳಿದೆ ಅಷ್ಟೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಆಕ್ಟೋಪಸ್ ಹತ್ತಿರ ಸಲಹೆ ಕೇಳುವ ಗತಿ ನನಗಿನ್ನೂ ಬಂದಿಲ್ಲ.

ಮೇ ೧೧, ಶನಿವಾರ

ಬಂದರು.

ಎಷ್ಟು ಎತ್ತರ ಆಗಿದ್ದಾಳೆ! ನನ್ನ ಭುಜಕ್ಕೆ ಬಂದಿದ್ದಾಳೆ. ಹದಿಮೂರು ತುಂಬುವ ಹೊತ್ತಿಗೆ ಇಷ್ಟು ಬೆಳೆಯಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ. ಸಾಲಿನಿಂದ ಹೊರಗೆ ಓಡಿಬಂದು "ಅಪ್ಪಾ" ಎಂದು ತಬ್ಬಿಕೊಂಡಳು. ಕ್ಯಾಮೆರಾ ನಡುವೆ ಸಿಕ್ಕಿಕೊಂಡು ಪಕ್ಕೆಗೆ ಒತ್ತಿತು. ಹಿಂದೆ ನಿಂತಿದ್ದ ಯಾವುದೋ ಪಟಾಲಂ 'ಬೇಗ ಆಗಲಿ ಸಾರ್' ಎಂದು ಕೂಗಿತು. ಕೂಗಲಿ.

ಅವಳ ಅಮ್ಮ ಸ್ವಲ್ಪ ದಪ್ಪ ಆಗಿದ್ದಾಳೆ, ಚೆನ್ನಾಗಿ ಕಾಣುತ್ತಾಳೆ. ಮೊದಲು ನನ್ನನ್ನು 'ರೀ' ಎನ್ನುತ್ತಿದ್ದಳು. ಆ ಅಕ್ಷರ ಈಗ ಇನ್ನೊಬ್ಬನ ಪಾಲಾಗಿದೆ. ನನ್ನನ್ನು ಕರೆಯಲು ಅವಳ ಹತ್ತಿರ ಹೆಸರೇ ಉಳಿದಿಲ್ಲ. "ನೋಡಿ, ಹೇಗಿದ್ದೀರಿ?" ಎಂದಳು. ಇನ್ನು ನಾನು 'ನೋಡಿ'.

ಇನ್ನು ಆ ಮಹಾಶಯ. ಛತ್ರಿಯಷ್ಟು ಅಗಲದ ಹುಲ್ಲಿನ ಟೋಪಿ ಹಾಕಿಕೊಂಡು ಬಂದಿದ್ದಾನೆ. ನಾನು ಬದುಕಿನಲ್ಲಿ ನನಗೆ ಟೋಪಿ ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ, ತಾನೇ ಹಾಕಿಕೊಂಡು ಇಷ್ಟು ಮೆರೆಯುವವನನ್ನು ನೋಡಿರಲಿಲ್ಲ. ಮುಖದ ಅರ್ಧಭಾಗ ನೆರಳಲ್ಲಿ. ಮಾರುವುದು ನೀರಿನ ಟ್ಯಾಂಕು. ಕೊರಳಲ್ಲಿ ನನ್ನದಕ್ಕಿಂತ ದುಬಾರಿ ಕ್ಯಾಮೆರಾ, ಲೆನ್ಸಿನ ಮುಚ್ಚಳ ತೆಗೆದೇ ಇಲ್ಲ. ಅದರಲ್ಲೇ ಹಡಗಿನ ಫೋಟೊ ತೆಗೆಯುತ್ತಿದ್ದ.

"ನಮಸ್ಕಾರ ಸರ್. ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ," ಎಂದ.

ಏನು ಕೇಳಿದ್ದಾನೋ. ನಾನು ಬರೀ ಮೂಗಿನಲ್ಲಿ ಉಸಿರು ಬಿಟ್ಟೆ.

"ಅಂಕಲ್, ಮುಚ್ಚಳ," ಎಂದಳು ಮಗಳು. ಕಿವಿಗೆ ಎಷ್ಟು ಹಿತವಾಯಿತು! ಅಂಕಲ್ ಅಂದರೆ ಏನು? ಬಸ್ಸಿನ ಕಂಡಕ್ಟರ್ ಕೂಡ ಅಂಕಲ್ಲೇ, ನಲ್ಲಿ ರಿಪೇರಿಗೆ ಬರುವವನೂ ಅಂಕಲ್ಲೇ.

ಟ್ಯೂಬಿನ ಹಿಂದೆ ನಿಲ್ಲಿಸಿದೆ. ನಡುವೆ ಮಗಳು, ಅವಳ ಪಕ್ಕಕ್ಕೆ ಅಮ್ಮ, ಟೋಪಿ ತುದಿಗೆ. "ಸ್ವಲ್ಪ ಆ ಕಡೆ ಸರ್... ಇನ್ನೂ ಸ್ವಲ್ಪ," ಎಂದೆ. ಅಂಗೈ ಅಗಲ ಎಲ್ಲಿ ಬಂತು, ಎರಡು ಅಂಗೈ ಅಗಲದ ಕತ್ತರಿ ದಾರಿ ಬಿಟ್ಟೆ. ಆ ಮಂಕು ನಗುತ್ತಾ ಸರಿದ, "ಸಾಕಾ ಸರ್?" ಎಂದು ಬೇರೆ ಕೇಳಿದ. ಇಷ್ಟು ಚೆಂದದ ಕೆಲಸ ನಾನು ಈ ವರ್ಷ ಮಾಡಿರಲಿಲ್ಲ.

ಮೇ ೧೩, ಸೋಮವಾರ

ಇವತ್ತು ಹಡಗು ಎಲ್ಲೂ ನಿಲ್ಲದ ದಿನ. ಸುತ್ತ ನೀರು ಬಿಟ್ಟರೆ ಮತ್ತೇನಿಲ್ಲ. ದಡ ಕಾಣದಿದ್ದರೆ ಜನ ತಮ್ಮ ಮನೆಯವರ ಮುಖವನ್ನೇ ನೋಡುತ್ತಾ ಕೂರಬೇಕಾಗುತ್ತದೆ. ಆ ಅನಾಹುತ ತಪ್ಪಿಸಲೆಂದೇ ಬೆಳಗಿನಿಂದ ಸಂಜೆಯವರೆಗೆ ಆಟ ಇಡುತ್ತಾರೆ. ಅದಕ್ಕೆ 'ಕುಟುಂಬ ಮಹಾಸಮರ' ಎಂಬ ಹೆಸರು. ನಡೆಸುವವನು ಮೈಕು. ಅವನ ನಿಜವಾದ ಹೆಸರು ಹಡಗಿನಲ್ಲಿ ಯಾರಿಗೂ ನೆನಪಿಲ್ಲ, ಊಟಕ್ಕೆ ಕೂತಾಗಲೂ ಮೈಕಿನಲ್ಲಿ ಮಾತಾಡುವ ದನಿಯಲ್ಲೇ ಉಪ್ಪು ಕೇಳುತ್ತಾನೆ.

ಮೇಲಿನ ಡೆಕ್ಕಿನಲ್ಲಿ ಎಲ್ಲರೂ ಸೇರಿದ್ದರು. ಚಮಚ ನಿಂಬೆಹಣ್ಣಿನ ಓಟದಲ್ಲಿ ಹಣ್ಣಿಗೆ ಗೋಂದು ಹಚ್ಚಿಕೊಂಡು ಬಂದ ಅಪ್ಪ ಒಬ್ಬ ಸಿಕ್ಕಿಬಿದ್ದ. ಅವನ ಮಕ್ಕಳು ಅವನಿಗೇ ಜೈಕಾರ ಹಾಕಿದರು. ಹಗ್ಗ ಜಗ್ಗಾಟದಲ್ಲಿ 'ಅಜ್ಜಿಯ ಸೈನ್ಯ'ದಂಥದ್ದೇ ಇನ್ನೊಂದು ಸೈನ್ಯ ಅಜ್ಜಿಯನ್ನೇ ಕೆಳಗೆ ಕೆಡವಿತು. ಎಂಟುಕಾಲು ಎಲ್ಲರ ನಡುವೆ ಕುಣಿಯುತ್ತಿದ್ದ, ಒಂದು ಮಗು ಅವನ ಒಂದು ಕಾಲನ್ನು ಕಿತ್ತುಕೊಂಡು ಓಡಿತು. ನಾನು ಕ್ಲಿಕ್ಕಿಸುತ್ತಾ ಹೋದೆ. ಸಂಜೆ ಇದೆಲ್ಲ ಗೋಡೆಗೆ ಹಾಕುತ್ತೇವೆ. ಗೋಡೆಯ ಮುಂದೆ ನಿಂತು ತಮ್ಮ ಮುಖ ಹುಡುಕಿಕೊಂಡು 'ಅಯ್ಯೋ, ನಾನು ಚೆನ್ನಾಗಿ ಬಂದಿಲ್ಲ' ಎನ್ನುತ್ತಾರೆ. ಬಂದದ್ದು ಇದ್ದ ಹಾಗೇ ಅಲ್ಲವೇ?

ಆಮೇಲೆ ಮೂರು ಕಾಲಿನ ಓಟ. "ಅಪ್ಪಂದಿರೇ, ಮಕ್ಕಳೇ, ಜೋಡಿಯಾಗಿ ಬನ್ನಿ!" ಎಂದು ಮೈಕು ಅರಚಿದ. ಮಗಳು ನನ್ನ ಕಡೆ ನೋಡಿದಳು. ನಾನು ಕ್ಯಾಮೆರಾ ಎತ್ತಿ ತೋರಿಸಿದೆ. ಸಮವಸ್ತ್ರದಲ್ಲಿ ಇರುವವರು ಆಟಕ್ಕೆ ಇಳಿಯುವಂತಿಲ್ಲ, ನಿಯಮ. ಅವಳು ಆಯಿತು ಎಂಬಂತೆ ತಲೆ ಆಡಿಸಿದಳು. ಟೋಪಿ ಅವಳ ಪಕ್ಕ ಬಂದು ನಿಂತ. ಅವನ ಎಡಗಾಲಿಗೂ ಅವಳ ಬಲಗಾಲಿಗೂ ಬಟ್ಟೆ ಕಟ್ಟಿದರು. ಇದರಲ್ಲಿ ಕತ್ತರಿ ದಾರಿ ಎಲ್ಲಿಂದ ಬರಬೇಕು? ಆ ಫೋಟೊ ಗುರಿ ತಪ್ಪಿ ಮಬ್ಬಾಯಿತು.

ಅರ್ಧ ದಾರಿಗೆ ಬರುವಷ್ಟರಲ್ಲಿ ಹಡಗು ಹೊಯ್ದಾಡತೊಡಗಿತು. ನಮಗೆ ಇದು ಏನೂ ಅಲ್ಲ. ಆದರೆ ಮಗಳ ಮುಖ ಸುಣ್ಣದ ಹಾಗಾಯಿತು, ಕೈ ಬಾಯಿಗೆ ಹೋಯಿತು. ಸುತ್ತ ಬುಟ್ಟಿ ಇಲ್ಲ, ಚೀಲ ಇಲ್ಲ, ಕಾಲು ಬೇರೆ ಕಟ್ಟಿದೆ. ಟೋಪಿ ಆ ಕ್ಷಣವೇ ತಲೆಯಿಂದ ಆ ದರಿದ್ರ ಟೋಪಿ ತೆಗೆದು ಅವಳ ಬಾಯಿಗೆ ಹಿಡಿದ. ಬೆಳಗಿನ ತಿಂಡಿ ಎಲ್ಲ ಅದರೊಳಗೆ. "ಆಯ್ತು ಪುಟ್ಟಾ, ಆಯ್ತು, ಇನ್ನೂ ಬರ್ಲಿ," ಎನ್ನುತ್ತಾ ಬೆನ್ನು ಸವರುತ್ತಿದ್ದ. ಪಟಾಲಂಗಳೆಲ್ಲ ಅವರನ್ನು ಹಾದು ಓಡಿಹೋದವು. ಅವಳು ಎರಡನೇ ಸಲ, ಮೂರನೇ ಸಲ ಬಗ್ಗಿದಳು. ಅವನು ಅಲ್ಲಾಡಲಿಲ್ಲ. ಅಲ್ಲಾಡುವುದೇನು ಬಂತು, ಕಾಲು ಕಟ್ಟಿತ್ತಲ್ಲ, ಓಡಿಹೋಗಲು ಆಗಲಿಲ್ಲ, ಅಷ್ಟೇ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಪುಟ್ಟಾ ಎಂಬುದು ನಾನು ಅವಳನ್ನು ಕರೆಯುವ ಹೆಸರು.

ನಾನು ಆಗ ಏನು ಮಾಡುತ್ತಿದ್ದೆ ಅಂದರೆ ಕ್ಲಿಕ್ಕಿಸುತ್ತಿದ್ದೆ. ಕೈಯಲ್ಲಿ ಕ್ಯಾಮೆರಾ ಇದ್ದವನು ಮತ್ತೇನು ಮಾಡಬೇಕಿತ್ತು?

ಅವಳ ಅಮ್ಮ ನೀರು ಹಿಡಿದುಕೊಂಡು ಬಂದಳು. "ನೋಡಿ, ಎರಡು ವರ್ಷದಿಂದ ಬಸ್ಸಲ್ಲೂ ಹೀಗೇ ಆಗುತ್ತೆ ಅವಳಿಗೆ. ನಿಮಗೆ ಗೊತ್ತಿರಲಿಲ್ವಾ?"

"ಬಸ್ಸಲ್ಲೇ ಹೀಗಾಗುತ್ತೆ ಅಂತ ಗೊತ್ತಿದ್ದೂ ಹಡಗಿಗೆ ಕರ್ಕೊಂಡು ಬಂದ್ರಾ?" ಎಂದೆ.

"ಎಷ್ಟು ಬೇಡ ಅಂದ್ರೂ ಕೇಳ್ಲಿಲ್ಲ. ಹಠ ಅಂದ್ರೆ ಹಠ."

ನೋಡಿದಿರಾ? ವಾಂತಿ ಆಗುತ್ತದೆ ಎಂದು ಗೊತ್ತಿದ್ದೂ ನನ್ನ ಹತ್ತಿರ ಬಂದಿದ್ದಾಳೆ. ಇದಕ್ಕಿಂತ ಸಾಕ್ಷಿ ಬೇಕಾ?

ಮೇ ೧೪, ಮಂಗಳವಾರ

ಮಗಳಿಗೆ ಹುಷಾರಾಗಿದೆ. ಇಬ್ಬರೂ ಕೂತು ಐಸ್‌ಕ್ರೀಂ ತಿಂದೆವು. ಮನೆಯ ವಿಷಯ ಎಲ್ಲ ಹೇಳಿದೆ. ಕಿಟಕಿಯಿಂದ ಏನು ಕಾಣುತ್ತದೆ, ಮೇಜು ಎಲ್ಲಿಡಬಹುದು. "ನಿನ್ನ ಕೋಣೆಗೆ ಯಾವ ಬಣ್ಣ ಹೊಡಿಸ್ಲಿ?" ಎಂದೆ.

"ಯಾವುದಾದ್ರೂ ಸರಿ ಅಪ್ಪಾ."

ಇಂಥ ಮಗಳು ಎಷ್ಟು ಜನಕ್ಕೆ ಇರುತ್ತಾಳೆ? ಯಾವ ತಕರಾರೂ ಇಲ್ಲ. ತಿಳಿ ನೀಲಿ ಹೊಡಿಸುತ್ತೇನೆ.

ಟೋಪಿ ಬರಿ ತಲೆಯಲ್ಲಿ ಓಡಾಡುತ್ತಿದ್ದಾನೆ. ಒಳಗೆ ಪೂರ್ತಿ ಬೋಳು. ಹಣೆಯವರೆಗೆ ಕಂದು, ಅದರ ಮೇಲೆ ಬಿಳಿ, ಈಗ ಆ ಬಿಳಿಯೂ ಬಿಸಿಲಿಗೆ ಟೊಮೆಟೋ ಆಗಿದೆ. ಹಡಗಿನ ಅಂಗಡಿಯಲ್ಲಿ ರಾಶಿ ಟೋಪಿ ಇವೆ, ಒಂದು ಕೊಂಡರೆ ಗಂಟೇನು ಹೋಗುತ್ತಿತ್ತು? ಜಿಪುಣ.

ಮೇ ೧೫, ಬುಧವಾರ

ಮಧ್ಯಾಹ್ನ ಫೋಟೊ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಮಗಳು ಬಂದಳು. ಕೈ ಕಟ್ಟಿಕೊಂಡು ಒಂದೊಂದೇ ಫೋಟೊ ನೋಡುತ್ತಾ ಹೋದಳು. ಹತ್ತುವಾಗಿನದು, ಊಟದ ಮೇಜಿನದು, ಮೆಟ್ಟಿಲ ಮೇಲಿನದು, ಈಜುಕೊಳದ್ದು. ಅವಳು ಹೀಗೆ ನೋಡುವಾಗ ನನಗೆ ಹೆಮ್ಮೆ ಆಯಿತು. ಚಿಕ್ಕವಳಿದ್ದಾಗ ನನ್ನ ಹಳೆಯ ಸ್ಟುಡಿಯೋದ ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೇ ಮಾಡುತ್ತಿದ್ದಳು.

"ಅಪ್ಪಾ, ಅಂಕಲ್‌ನ ಎಲ್ಲಾದರಲ್ಲೂ ಅಂಚಿಗೆ ನಿಲ್ಲಿಸಿದೀಯ."

"ಹಾಗೇನಿಲ್ಲ. ಅವರ ಟೋಪಿ ನೆರಳು ನಿನ್ನ ಮೇಲೆ ಬೀಳುತ್ತೆ ಅಂತ."

"ಈಜುಕೊಳದಲ್ಲಿ ಟೋಪಿ ಇಲ್ವಲ್ಲ."

ಗೋಡೆಯ ಒಂದು ಫೋಟೊ ಸ್ವಲ್ಪ ಓರೆಯಾಗಿತ್ತು, ಅದನ್ನು ಸರಿ ಮಾಡಿದೆ.

"ಕತ್ತರಿ ದಾರಿ," ಎಂದಳು. "ನೀನೇ ಹೇಳಿಕೊಟ್ಟಿದ್ದು. ಮರೆತುಹೋಯ್ತು ಅಂದ್ಕೊಂಡ್ಯಾ? ಆವತ್ತು ಮದುವೆ ಹೆಣ್ಣನ್ನ ಅಂಚಿಗೆ ನಿಲ್ಲಿಸ್ದಾಗ ನಾನು ಯಾಕೆ ಅಂತ ಕೇಳಿದ್ದೆ. ನೀನು ನಗ್ತಾ ನಗ್ತಾ ಹೇಳಿದ್ದೆ."

"ಕಸುಬು ಪುಟ್ಟಾ. ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತೆ."

"ನನ್ನ ವಾಂತಿ ಹಿಡಿದೋರು ಅವರು," ಎಂದಳು. ದನಿ ಏರಿಸಲಿಲ್ಲ. ಅವಳ ಅಮ್ಮ ಆಗಿದ್ದರೆ ಏರಿಸುತ್ತಿದ್ದಳು, ಅದಕ್ಕೆ ಉತ್ತರ ಕೊಡುವುದು ನನಗೆ ಗೊತ್ತಿತ್ತು. ನೇರವಾಗಿದ್ದ ಫೋಟೊವನ್ನೇ ಮತ್ತೊಮ್ಮೆ ಸರಿ ಮಾಡಿದೆ.

ಅವಳು ಹೋದ ಮೇಲೆ ಬಂದ ಒಂದು ಹೆಂಗಸು, ತನ್ನ ಗಲ್ಲ ಎರಡಾಗಿ ಬಂದಿದೆ ಎಂದು ಜಗಳ ತೆಗೆದಳು. ಇದ್ದದ್ದೇ ಎರಡು. ಹಾಗೇ ಹೇಳಿದೆ. ದೂರು ಕೊಡುತ್ತಾಳಂತೆ, ಕೊಡಲಿ.

ಮೇ ೧೬, ಗುರುವಾರ

ಬಣ್ಣ ಹೊಡಿಸುವುದು ಬೇಡ.

ಬೆಳಿಗ್ಗೆ ಹಿಂದಿನ ಡೆಕ್ಕಿಗೆ ಬಂದಳು. ನಾನು ಲೆನ್ಸು ಒರೆಸುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತಳು.

"ಅಪ್ಪಾ, ಒಂದು ಮಾತು ಹೇಳ್ಬೇಕು. ಬೈಬಾರ್ದು."

"ನಾನು ಯಾವತ್ತು ನಿನ್ನ ಬೈದಿದ್ದೀನಿ?"

"ಬೈಯಲ್ಲ. ಮೂಗಲ್ಲಿ ಉಸಿರು ಬಿಡ್ತೀಯ. ಅದು ಬೈಯೋದಕ್ಕಿಂತ ಕಷ್ಟ."

ಉಸಿರು ಹಿಡಿದು ಕೂತೆ.

"ನಾನು ನಿನ್ನ ಮನೆಗೆ ಇರೋಕೆ ಅಂತ ಬರಲ್ಲ. ಅಮ್ಮನ ಜೊತೇನೇ ಇರ್ತೀನಿ. ರಜೆಗೆ ಬರ್ತೀನಿ, ಎಲ್ಲಾ ರಜೆಗೂ."

"ಅವನು ಹೇಳಿಕೊಟ್ಟನಾ?"

"ನೋಡು, ಹೀಗೆ ಅಂತೀಯ ಅಂತಾನೇ ಹೇಳೋಕೆ ಹೆದರಿದ್ದು. ಯಾರೂ ಹೇಳಿಕೊಟ್ಟಿಲ್ಲ. ನನ್ನ ಸ್ಕೂಲು ಅಲ್ಲಿದೆ, ಗೆಳತಿಯರು ಅಲ್ಲಿದ್ದಾರೆ. ಅಲ್ಲಿ ನನಗೆ ಅಭ್ಯಾಸ ಆಗಿದೆ ಅಪ್ಪಾ. ನೀನು ಫೋನಲ್ಲಿ ಮನೆ ವಿಷಯ ಹೇಳಿದಾಗೆಲ್ಲ ನನಗೆ ಬೇಡ ಅನ್ನೋಕೆ ಆಗ್ಲಿಲ್ಲ. ಮುಖ ನೋಡ್ಕೊಂಡೇ ಹೇಳ್ಬೇಕು ಅನ್ನಿಸ್ತು. ಅದಕ್ಕೆ ಹಡಗಿಗೇ ಹೋಗೋಣ ಅಂತ ಹಠ ಮಾಡಿದ್ದು."

ಅಂದರೆ ಇಷ್ಟು ದೂರ ವಾಂತಿ ಮಾಡಿಕೊಂಡು ಬಂದದ್ದು ಇದಕ್ಕೆ.

ಸುತ್ತ ಪಟಾಲಂಗಳು ಎಂದಿನಂತೆ ಕಿರುಚುತ್ತಿದ್ದವು. ಮೈಕು ಯಾರದೋ ಅಜ್ಜನ ಹುಟ್ಟುಹಬ್ಬಕ್ಕೆ ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಿದ್ದ. ನನಗೆ ಏನು ಹೇಳಬೇಕೆನಿಸಿತ್ತು ಎಂದು ಈಗ ನೆನಪಿಲ್ಲ. "ಕಿಟಕಿ ಕಡೆ ಮೇಜು ಇಟ್ಟರೆ ಹೋಂವರ್ಕ್‌ಗೆ ಬೆಳಕು ಚೆನ್ನಾಗಿರುತ್ತೆ," ಎಂದೆ.

"ರಜೆಯಲ್ಲೂ ಹೋಂವರ್ಕ್ ಇರುತ್ತಪ್ಪಾ," ಎಂದಳು. ಅಳುತ್ತಿದ್ದಳು. ನನ್ನ ತೋಳನ್ನು ಬಿಟ್ಟಿರಲಿಲ್ಲ.

ತುಂಬಾ ಸಂಕಟ ಆಗುತ್ತಿದೆ. ಎಂಟುಕಾಲು ಕ್ಯಾಬಿನ್ನಿನೊಳಗೆ ಬಂದವನು ನನ್ನ ಮುಖ ನೋಡಿ, ಏನೂ ಕೇಳದೆ, ವೇಷದ ತಲೆಯನ್ನು ಮೊಳೆಗೆ ನೇತುಹಾಕಿ ಮತ್ತೆ ಹೊರಗೆ ಹೋದ. ಮೊದಲ ಬಾರಿಗೆ ಅವನು ಮಾಡಿದ ಒಳ್ಳೆಯ ಕೆಲಸ.

ಮೇ ೧೭, ಶುಕ್ರವಾರ

ಕೊನೆಯ ಸಂಜೆ ಎಲ್ಲ ಮನೆಯವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹಿಂದಿನ ಡೆಕ್ಕಿನಲ್ಲಿ ದೊಡ್ಡ ಫೋಟೊ ತೆಗೆಸಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ಸಮುದ್ರ, ಮುಳುಗುವ ಸೂರ್ಯ, ಮುನ್ನೆಲೆಯಲ್ಲಿ ವಾರವಿಡೀ ಕಚ್ಚಾಡಿ ಸುಸ್ತಾದ ಮುಖಗಳು. ಗೋಂದಿನ ಅಪ್ಪ ಕೋಟು ಹಾಕಿಕೊಂಡು ಬಂದಿದ್ದ. ಹೆಂಡತಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಫೋಟೊದಲ್ಲಿ ಆದರ್ಶ ದಂಪತಿ.

ಆಮೇಲೆ ಇವರು ಮೂವರೂ ಬಂದರು. ಟೋಪಿ ಯಾರೂ ಹೇಳದೆ ತಾನೇ ಹೋಗಿ ತುದಿಯಲ್ಲಿ ನಿಂತ. ಒಂದು ವಾರದಲ್ಲಿ ಅವನಿಗೆ ಅದೇ ತನ್ನ ಜಾಗ ಎಂದು ಅಭ್ಯಾಸ ಆಗಿಬಿಟ್ಟಿತ್ತು. "ಇಲ್ಲೇ ಅಲ್ವಾ ಸರ್?" ಎಂದ.

ಮಗಳು ನನ್ನನ್ನು ನೋಡುತ್ತಿದ್ದಳು. ನಾನು ಲೆನ್ಸಿನೊಳಗಿನಿಂದ ನೋಡಿದೆ. ಬೆಳಕು ಸರಿ ಬರುತ್ತಿರಲಿಲ್ಲ. ಅಂಚಿನಲ್ಲಿ ಕಂಬದ ನೆರಳು ಅವನ ಮುಖಕ್ಕೆ ಹೊಡೆಯುತ್ತಿತ್ತು. "ಅಲ್ಲಿ ಬೇಡ," ಎಂದೆ. "ನಡುವೆ ಬನ್ನಿ."

"ನಡುವೆನಾ?"

"ಅವರಿಬ್ಬರ ನಡುವೆ. ಕೈ ಇಬ್ಬರ ಹೆಗಲ ಮೇಲೂ ಇರಲಿ. ಹಾಗಲ್ಲ, ಮರದ ಕೊಂಬೆ ಹಿಡಿದ ಹಾಗಲ್ಲ, ಇನ್ನೂ ಹತ್ತಿರ."

ಬೋಳು ತಲೆ ಬಲ್ಬಿನ ಹಾಗೆ ಹೊಳೆಯುತ್ತಿತ್ತು. ಪೌಡರ್ ತಂದು ನಾನೇ ಹಚ್ಚಿದೆ. ಬಿಸಿಲಿಗೆ ಚರ್ಮ ಸುಲಿದಿತ್ತು, ಮುಟ್ಟಿದರೆ ಉರಿಯುವಂಥದ್ದು, ಮೆತ್ತಗೆ ಹಚ್ಚಬೇಕಾಯಿತು. ಅವನು ಕಣ್ಣು ಮುಚ್ಚಿಕೊಂಡು ಮಗುವಿನ ಹಾಗೆ ತಲೆ ಬಗ್ಗಿಸಿ ನಿಂತಿದ್ದ. ಹೊಳಪು ತೆಗೆಯದಿದ್ದರೆ ಫೋಟೊ ಹಾಳಾಗುತ್ತದೆ. ಕಸುಬು, ಅಷ್ಟೇ.

ಫೋಟೊ ಚೆನ್ನಾಗಿ ಬಂತು. ಬೆಳಕು ಚೆನ್ನಾಗಿತ್ತಲ್ಲ, ಯಾರು ನಿಂತಿದ್ದರೂ ಬರುತ್ತಿತ್ತು.

ಮುಗಿಸಿ ಕ್ಯಾಮೆರಾ ಇಳಿಸಿದರೆ ಟೋಪಿಯವರು ತಮ್ಮದನ್ನು ಎತ್ತಿಕೊಂಡು ಬಂದರು. "ಸರ್, ನಿಮ್ಮದೂ ಒಂದು ತೆಗೀಲಾ? ಅವಳ ಹತ್ರ ನೀವಿರೋ ಒಂದು ಫೋಟೋನೂ ಇಲ್ವಂತೆ."

"ನಾನು ಫೋಟೊ ತೆಗೆಯೋನು, ತೆಗೆಸಿಕೊಳ್ಳೋನಲ್ಲ," ಎಂದೆ. ಅವಳ ಅಮ್ಮ, "ನೋಡಿ, ನಿಂತ್ಕೊಳ್ಳಿ ಸುಮ್ನೆ, ಅದೇನು ಬಿಗುಮಾನ," ಎಂದಳು.

ನಿಂತುಕೊಂಡೆ. ಅವಳ ಅಮ್ಮ ಆ ಕಡೆ, ಮಗಳು ನಡುವೆ, ನಾನು ಈ ಕಡೆ. ಯಾರೂ ನನಗೆ ಹೇಳಲಿಲ್ಲ, ಕಾಲೇ ಹೋಗಿ ತುದಿಯಲ್ಲಿ ನಿಂತಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮಗಳಿಗೂ ನನಗೂ ನಡುವೆ ಸರಿಯಾಗಿ ಅಂಗೈ ಅಗಲ ಬಿಟ್ಟಿದ್ದೆ. ಕೈಗಷ್ಟೇ ಅಲ್ಲ, ಕಾಲಿಗೂ ಅಭ್ಯಾಸ ಆಗಿಬಿಟ್ಟಿರುತ್ತದೆ.

ಮಗಳು ಆ ಜಾಗದ ಕಡೆ ನೋಡಿದಳು. ನನ್ನ ಮುಖ ನೋಡಿದಳು. ನಡುವಿನ ಜಾಗ ಬಿಟ್ಟು ನನ್ನ ಬೆನ್ನ ಹಿಂದಿನಿಂದ ಸುತ್ತಿ, ನನ್ನ ಆಚೆ ಬದಿಗೆ ಬಂದು, ತೋಳಿಗೆ ತೋಳು ಹಾಕಿ ನಿಂತಳು.

"ಅಲ್ಲಿ ಯಾಕೆ ನಿಂತೆ? ನಡುವೆ ಬಾ."

"ಇಲ್ಲೇ ಇರ್ತೀನಿ."

"ಅಂಚಿಗೆ ನಿಲ್ಲಬಾರದು ಪುಟ್ಟಾ."

"ಗೊತ್ತು," ಎಂದಳು.

"ರೆಡಿನಾ ಸರ್?" ಎಂದರು ಅವರು. ಲೆನ್ಸಿನ ಮುಚ್ಚಳ ಹಾಕಿಯೇ ಇತ್ತು. ಮೂವರೂ ಒಟ್ಟಿಗೆ "ಮುಚ್ಚಳ!" ಎಂದೆವು. ಎಲ್ಲರೂ ನಕ್ಕುಬಿಟ್ಟೆವು, ಅದೇ ಹೊತ್ತಿಗೆ ಅವರು ಮುಚ್ಚಳ ಕಿತ್ತು ಬಟನ್ ಒತ್ತಿದ್ದರು.

ಮೇ ೧೯, ಭಾನುವಾರ

ಹೊಸ ತಂಡ ಬಂದಿದೆ. ಈ ಸಲದ ಟಿ-ಶರ್ಟು ಹಳದಿ. ಕಣ್ಣಿಗೆ ಚುಚ್ಚುತ್ತದೆ.

ಒಬ್ಬ ಮಾವ ಬಂದು, ಹೊಸ ಅಳಿಯನನ್ನು ಸ್ವಲ್ಪ ತುದಿಗೆ ಎಂದು ಪಿಸುಗುಟ್ಟಿದ. ತುದಿಯಲ್ಲಿ ಬೆಳಕು ಸರಿಯಿಲ್ಲ ಯಜಮಾನರೇ, ಅಲ್ಲಿ ಯಾರೂ ಚೆನ್ನಾಗಿ ಬರಲ್ಲ ಎಂದು ಅಳಿಯನನ್ನು ಅವನ ಪಕ್ಕಕ್ಕೇ ಒತ್ತಿ ನಿಲ್ಲಿಸಿದೆ. ಮಾವ ಹುಳಿ ಮುಖ ಮಾಡಿದ. ಆ ಕಂಬದ ನೆರಳಿಗೆ ಹಡಗಿನವರು ಏನಾದರೂ ಮಾಡಬೇಕು, ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

ಮನೆಯ ಮಾಲೀಕನಿಗೆ ಫೋನ್ ಮಾಡಿ ಆ ಕೋಣೆಗೆ ತಿಳಿ ನೀಲಿಯೇ ಇರಲಿ ಎಂದು ಹೇಳಿದೆ. ಹೇಗಿದ್ದರೂ ಹೊಡಿಸಲೇಬೇಕಲ್ಲ.

ಅವರು ಫೋಟೊ ಕಳಿಸಿದ್ದಾರೆ. ಇಷ್ಟು ಕೆಟ್ಟದಾಗಿ ಫೋಟೊ ತೆಗೆಯಲು ಸಾಧ್ಯ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟು ದುಬಾರಿ ಕ್ಯಾಮೆರಾ, ಕೋತಿ ಕೈಗೆ ಕೊಟ್ಟ ಹಾಗಾಗಿದೆ. ಅವಳ ಅಮ್ಮನ ಕಣ್ಣು ಅರ್ಧ ಮುಚ್ಚಿದೆ, ನನ್ನ ಬಾಯಿ ಕಿವಿಯವರೆಗೆ ತೆರೆದಿದೆ, ಮೂಲೆಯಲ್ಲಿ ಅವರದೇ ಬೆರಳು. ಎಲ್ಲಕ್ಕಿಂತ ಕೇಡೆಂದರೆ ಸಮುದ್ರ ಪೂರ್ತಿ ಓರೆ. ನೀರೆಲ್ಲ ಒಂದು ಬದಿಗೆ ಸುರಿದು ಹೋಗುತ್ತದೆ ಎನ್ನುವ ಹಾಗೆ. ಟ್ಯಾಂಕು ಮಾರುವವರಿಗೆ ನೀರಿನ ಮಟ್ಟವೂ ಗೊತ್ತಾಗಬಾರದೇ?

ಸರಿ ಮಾಡೋಣ ಎಂದು ಕಂಪ್ಯೂಟರಿನ ಮುಂದೆ ಕೂತೆ. ನನಗೆ ಕ್ಷಣದ ಕೆಲಸ ಅದು. ಸಮುದ್ರವನ್ನು ನೇರ ಮಾಡಬೇಕಾದರೆ ಫೋಟೊವನ್ನು ಸ್ವಲ್ಪ ತಿರುಗಿಸಬೇಕು, ತಿರುಗಿಸಿದರೆ ಅಂಚನ್ನು ಕತ್ತರಿಸಬೇಕು. ಅಂಚಿನಲ್ಲಿ ಮಗಳಿದ್ದಾಳೆ.

ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಆಮೇಲೆ ಬಿಟ್ಟುಬಿಟ್ಟೆ. ಸಮುದ್ರ ಓರೆಯಾಗಿಯೇ ಇರಲಿ.